ಗ್ಲಾಕೋಮಾ ಲೇಸರ್ ಆದಮೇಲೆ ಹೆದರಿಕೆಯೊಡನೆ ನಾನು ಹೆಣಗಿದ ಬಗೆ

ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದವರನ್ನು ನೋವಿಗಿಂತ ಹೆಚ್ಚು ಕಾಡುವುದು ಅನುಮಾನ. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ, ಬಹಳಷ್ಟು ಜನರಲ್ಲಿ ನೋವೇ ಇಲ್ಲದೆ ದೃಷ್ಟಿಯ ಅಂಚಿನಿಂದ ಒಳಕ್ಕೆ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಕೊನೆಯ ವರ್ಷಗಳಲ್ಲಿ ನಮ್ಮ ಆಯಿ ಜಗುಲಿಯ ಕಂಬ ತಡವಿಕೊಂಡೇ ಓಡಾಡಿದ್ದನ್ನು ಕಂಡವಳು ನಾನು. ಕನ್ನಡಕದ ನಂಬರ್ ನೋಡಿಸಲು ಶಿರಸಿ ಪೇಟೆಗೆ ಹೋದಾಗ ಕಣ್ಣಿನ ಒತ್ತಡ 28 ಇದೆ, ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು ಎಂದರು. ಕೈಕಾಲು ತಣ್ಣಗಾದವು.

ಹುಬ್ಬಳ್ಳಿಯ ವೈದ್ಯರು ಕಣ್ಣಿನ ಮೇಲೆ ಮಸೂರವಿಟ್ಟು ಒಳಗಿನ ಕೋನವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯೂ ಬಣ್ಣದ ಪೊರೆಯೂ ಕೂಡುವ ಮೂಲೆಯನ್ನು, ಪರೀಕ್ಷಿಸಿದರು. ಕಣ್ಣೊಳಗೆ ಸದಾ ಹುಟ್ಟುವ ನೀರು ಆ ಕೋನದ ಮೂಲಕವೇ ಹೊರಹೋಗಬೇಕು. ನನ್ನದು ತೀರ ಕಿರಿದು. ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಅಡಿಕೆ ಮರದ ಬುಡದಲ್ಲೇ ನಿಲ್ಲುತ್ತದಲ್ಲ, ಹಾಗೆ. ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ ಲೇಸರಿನಿಂದ ಸಣ್ಣದೊಂದು ರಂಧ್ರ ಮಾಡಿ ನೀರಿಗೆ ಇನ್ನೊಂದು ದಾರಿ ಕೊಡುತ್ತೇವೆ ಎಂದರು.

ಲೇಸರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಾಪೆ ಕಿರಿದಾಗಲು ಮೊದಲು ಪೈಲೋಕಾರ್ಪಿನ್ ಹನಿ ಹಾಕುತ್ತಾರೆ. ಅದರಿಂದ ಹುಬ್ಬಿನ ಮೇಲೆ ನೋವು ಬರುತ್ತದೆ, ಎದುರಿನದೆಲ್ಲ ಮಬ್ಬಾಗುತ್ತದೆ. ಮರಗಟ್ಟಿಸುವ ಹನಿ ಹಾಕಿ, ಯಂತ್ರದ ಮುಂದೆ ಗದ್ದ ಊರಿ ಕೂರಿಸುತ್ತಾರೆ. ಟಕ್ ಟಕ್ ಎಂಬ ಸದ್ದು, ಚುಚ್ಚಿದಂಥ ಅನುಭವ, ಕೆಲವೇ ನಿಮಿಷ. ಲೇಸರಿನ ಬೆನ್ನಿಗೆ ಒತ್ತಡ ಏರುವ ಸಾಧ್ಯತೆ ಇರುವುದರಿಂದ ಸುಮಾರು ಒಂದು ಗಂಟೆ ಕೂರಿಸಿಕೊಂಡು ಮತ್ತೆ ಅಳೆದರು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಗಳಿಗೆಗೊಮ್ಮೆ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದುತ್ತಿದ್ದೆ, ಆಮೇಲೆ ಇನ್ನೊಂದು ಕಣ್ಣು. ಅಂಕಿ ಮಸುಕಾಗಿ ಕಂಡರೆ ಎದೆ ಡವಗುಟ್ಟುತ್ತಿತ್ತು. ಸ್ಪಷ್ಟವಾಗಿ ಕಂಡರೂ ಸಮಾಧಾನ ಹತ್ತು ನಿಮಿಷ ಬಾಳುತ್ತಿರಲಿಲ್ಲ. ಅದರ ಜೊತೆಗೆ, ದೀಪ ನೋಡಿದರೆ ತೆಳುವಾದೊಂದು ಬಿಳಿ ಗೆರೆ ಅಡ್ಡ ಬರತೊಡಗಿತು. ನಡುರಾತ್ರಿ ಎದ್ದು ಕೂತು, ಆಯಿಯ ಗತಿ ನನಗೂ ಬಂತು ಎಂದುಕೊಂಡೆ.

ಅತ್ತಿಗೆ ಒಂದು ಕಾಗದ ಕೊಟ್ಟು, "ಹೆದರಿಕೆಯನ್ನೆಲ್ಲ ಇದರಲ್ಲಿ ಪ್ರಶ್ನೆ ಮಾಡಿ ಬರೆ, ಡಾಕ್ಟರಿಗೆ ಕೇಳೋಣ" ಎಂದಳು. ನನ್ನನ್ನು ಉಳಿಸಿದ್ದು ಆ ಕಾಗದ. ಮರುಭೇಟಿಯಲ್ಲಿ ವೈದ್ಯರು ಒಂದೊಂದಕ್ಕೂ ಉತ್ತರಿಸಿದರು. ಬಿಳಿ ಗೆರೆ ಹೊಸ ರಂಧ್ರದಿಂದ ನುಸುಳುವ ಬೆಳಕು. ಕೆಲವರಿಗೆ ಹಾಗಾಗುತ್ತದೆ, ಹೆಚ್ಚಿನವರಿಗೆ ಬರುಬರುತ್ತ ಅದರ ಕಾಟ ಕಡಿಮೆಯಾಗುತ್ತದೆ. ಮೊದಲ ದಿನಗಳ ಮಸುಕು, ಕಿರಿಕಿರಿ, ಬಿಸಿಲು ತಾಳದಿರುವುದು ಸಹಜ. ವಿಪರೀತ ನೋವು, ವಾಂತಿ, ಕಣ್ಣು ಕೆಂಪೇರಿ ದೃಷ್ಟಿ ಇಳಿಯುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಕ್ಯಾಲೆಂಡರಿನ ವಿಷಯಕ್ಕೆ ಅವರು ಹೇಳಿದ್ದು: "ಅಮ್ಮಾ, ಇದು ಅಂಚಿನಿಂದ ಶುರುವಾಗುವ ಕಾಯಿಲೆ. ನಡುವಿನ ಅಕ್ಷರ ಓದಿ ನೀವು ಅದನ್ನು ಹಿಡಿಯಲಾರಿರಿ. ಅದಕ್ಕೇ ನಮ್ಮಲ್ಲಿ ದೃಷ್ಟಿಕ್ಷೇತ್ರದ ಪರೀಕ್ಷೆ ಇದೆ." ಕಾವಲು ಕಾಯುವ ಹೊಣೆ ನನ್ನೊಬ್ಬಳದ್ದಲ್ಲ ಎಂದು ಆಗ ಮನಸ್ಸಿಗೆ ನಾಟಿತು. ಮನೆಗೆ ಬಂದವಳೇ ಕ್ಯಾಲೆಂಡರನ್ನು ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದೆ.

ಕೈಗೆ ಕೆಲಸ ಬೇಕಿತ್ತು, ಅದು ಹನಿಗಳಲ್ಲಿ ಸಿಕ್ಕಿತು. ಉರಿಯೂತ ತಗ್ಗಿಸುವ ಹನಿ ಕೆಲವು ದಿನ, ಒತ್ತಡದ ಹನಿ ಮುಂದೆಯೂ. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯುವುದು. ಹಾಗೆ ಮಾಡಿದರೆ ಔಷಧ ಗಂಟಲಿಗೂ ರಕ್ತಕ್ಕೂ ಹೋಗುವುದು ಕಡಿಮೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಆ ನಿಮಿಷಗಳಲ್ಲಿ ಉಸಿರನ್ನು ಒಳಕ್ಕೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಅಭ್ಯಾಸ ಮಾಡಿದೆ. ರಾತ್ರಿ ಎಚ್ಚರವಾದಾಗಲೂ ಅದೇ ಕೈಹಿಡಿಯಿತು. ಪ್ರತಿ ಬಾರಿಯೂ ಅಲ್ಲ. ಕೆಲವು ರಾತ್ರಿ ಅತ್ತಿಗೆಯನ್ನು ಎಬ್ಬಿಸಿ ಕಷಾಯ ಕುಡಿಯುತ್ತ ಮಾತಾಡಿದ್ದೂ ಇದೆ. ಅದಕ್ಕೆ ಸಂಕೋಚಪಡಬೇಕಾಗಿಲ್ಲ.

ಆಗ ಕೊನೆಕೊಯ್ಲಿನ ಕಾಲ. ಅಡಿಕೆ ಬೇಯಿಸುವ ಒಲೆಯ ಹೊಗೆಯಿಂದ ದೂರ ಉಳಿದೆ, ಸುಲಿಯಲು ಮಾತ್ರ ಕೂತೆ. ಬೆಳಗ್ಗೆ ಎದ್ದೊಡನೆ ತಂಬಿಗೆಗಟ್ಟಲೆ ನೀರನ್ನು ಒಂದೇ ಸಲಕ್ಕೆ ಕುಡಿಯುವ ರೂಢಿ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತೇನೆ; ಒಮ್ಮೆಲೇ ಹೆಚ್ಚು ನೀರು ಕುಡಿದರೂ ಕಣ್ಣಿನ ಒತ್ತಡ ತುಸು ಹೊತ್ತು ಏರುತ್ತದೆ. ಯೋಗಾಸನ ಮಾಡುವವರು ಗಮನಿಸಬೇಕು: ಶೀರ್ಷಾಸನದಲ್ಲಿ ಈ ಒತ್ತಡ ಬಹಳ ಹೆಚ್ಚುತ್ತದೆ. ನಮ್ಮಂಥವರಿಗೆ ಅದು ಬೇಡ.

ಈಗ ಒತ್ತಡ 17ಕ್ಕೆ ಇಳಿದಿದೆ. ಕಾಯಿಲೆ ವಾಸಿಯಾಯಿತು ಎಂದು ಇದರ ಅರ್ಥವಲ್ಲ, ತಪಾಸಣೆ ಜೀವನಪೂರ್ತಿ ಇದ್ದದ್ದೇ. ಗ್ಲಾಕೋಮಾ ಇದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಅದನ್ನು ತಿಳಿದ ಮೇಲೆ ಅಣ್ಣನನ್ನು ಬಿಡದೆ ಒತ್ತಾಯಿಸಿ ಪರೀಕ್ಷೆ ಮಾಡಿಸಿದೆ. ಅವನ ಕೋನವೂ ಕಿರಿದಾಗಿಯೇ ಇದೆ. ಬರುವ ವಾರ ಅವನ ಲೇಸರ್. ಪ್ರಶ್ನೆಗಳ ಕಾಗದವನ್ನು ಈ ಸಲ ಅವನೇ ಬರೆಯುತ್ತಿದ್ದಾನೆ, ಹುಬ್ಬಳ್ಳಿಗೆ ಅವನ ಜೊತೆ ನಾನು ಹೋಗುತ್ತೇನೆ.