ಕ್ರಿಕೆಟ್ ಗೊತ್ತಿಲ್ಲದವರಿಗೆ ಟೆಸ್ಟ್, ಒನ್‌ಡೇ, ಟಿ20 ಹೇಳಿಕೊಡುವುದು ಹೇಗೆ?

ನಮ್ಮ ಚಿಕ್ಕಮ್ಮನಿಗೆ ಕ್ರಿಕೆಟ್ ಹೇಳಿಕೊಡಲು ಮನೆಯಲ್ಲಿ ಮೂರು ಜನ ಕೂತರು, ಮೂವರಿಗೂ ಆಗಲಿಲ್ಲ. ಒಬ್ಬರು ಎಲ್‌ಬಿಡಬ್ಲ್ಯೂನಿಂದ ಶುರು ಮಾಡಿದರು, ಇನ್ನೊಬ್ಬರು ಪವರ್‌ಪ್ಲೇಯಿಂದ. ‘ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ ಅಂದ್ರೆ ಯಾಕೆ ಆಡ್ಬೇಕು?’ ಎಂದು ಚಿಕ್ಕಮ್ಮ ಕೇಳಿದಾಗ ಎಲ್ಲರೂ ಸುಮ್ಮನಾದರು. ಆ ಪ್ರಶ್ನೆ ದಾಟದೆ ಮುಂದೆ ಹೋಗಲು ಆಗುವುದೇ ಇಲ್ಲ. ಅದಕ್ಕೇ ಈ ಕ್ರಮ.

1. ಬೀದಿಯಿಂದ ಶುರು ಮಾಡಿ

ಬೀದಿ ಮಕ್ಕಳ ಆಟವನ್ನು ಎಲ್ಲರೂ ನೋಡಿರುತ್ತಾರೆ. ಅದರಲ್ಲಿ ಎರಡು ಥರ: ಕತ್ತಲಾಗುವವರೆಗೆ ಆಡುವುದು, ಇಲ್ಲವೇ ‘ತಲಾ ಹತ್ತು ಓವರ್’ (ಒಂದು ಓವರ್ ಎಂದರೆ ಆರು ಎಸೆತ) ಎಂದು ಮಾತಾಡಿಕೊಂಡು ಆಡುವುದು. ಮೊದಲನೆಯದು ಟೆಸ್ಟ್, ಎರಡನೆಯದು ಒನ್‌ಡೇ ಮತ್ತು ಟಿ20. ಇಷ್ಟು ಸಾಕು.

2. ಟೆಸ್ಟ್ ಮೊದಲು, ಟಿ20 ಕೊನೆಗೆ

ಟಿ20 ಸುಲಭ, ಅದರಿಂದಲೇ ಶುರು ಮಾಡೋಣ ಎನ್ನುವವರು ಜಾಸ್ತಿ. ದಯವಿಟ್ಟು ಬೇಡ. ಹುಟ್ಟಿದ ಕ್ರಮದಲ್ಲೇ ಹೇಳಿ. ಮೊದಲ ಟೆಸ್ಟ್ 1877ರಲ್ಲಿ ಮೆಲ್ಬರ್ನ್‌ನಲ್ಲಿ ನಡೆಯಿತು, ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು. ಆಮೇಲೆ ಡರ್ಬನ್ ಕತೆ ಹೇಳಿ. ಆಗೆಲ್ಲ ಕೆಲವು ಟೆಸ್ಟ್‌ಗಳಿಗೆ ದಿನದ ಮಿತಿಯೇ ಇರಲಿಲ್ಲ. 1939ರ ಮಾರ್ಚ್ 3ಕ್ಕೆ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ನಡುವೆ ಶುರುವಾದ ಪಂದ್ಯ 14ನೇ ತಾರೀಕು ಬಂದರೂ ಮುಗಿಯಲಿಲ್ಲ. ಗೆಲ್ಲಲು 696 ಬೇಕಿತ್ತು, ಇಂಗ್ಲೆಂಡ್ 5 ವಿಕೆಟ್‌ಗೆ, ಅಂದರೆ ಐವರು ಔಟಾಗಿ, 654 ಹೊಡೆದಿತ್ತು. ಇನ್ನು 42 ರನ್ ಅಷ್ಟೇ. ಆದರೆ ಊರಿಗೆ ಹೋಗುವ ಹಡಗು ಹೊರಡುವ ಹೊತ್ತಾಗಿತ್ತು, ಆಟ ಬಿಟ್ಟು ಹೊರಟರು! ಕಾಲಕ್ಕೆ ಮಿತಿ ಯಾಕೆ ಬೇಕು ಎಂಬುದು ಈ ಕತೆ ಕೇಳಿದವರಿಗೆ ತಾನಾಗಿ ಅರ್ಥವಾಗುತ್ತದೆ.

3. ಡ್ರಾ: ಇಲ್ಲಿ ಅವಸರ ಬೇಡ

ಎಲ್ಲರೂ ಎಡವುವುದು ಇಲ್ಲೇ. ‘ಡ್ರಾ ಅಂದ್ರೆ ಸಮ’ ಎಂದುಬಿಡುತ್ತಾರೆ. ಅದು ತಪ್ಪು. ರನ್ ಸಮವಾಗಿ ಮುಗಿದರೆ ಅದು ಟೈ. ಡ್ರಾ ಎಂದರೆ ಆಟ ಮುಗಿಯುವ ಮೊದಲೇ ಹೊತ್ತು ಮುಗಿಯಿತು ಎಂದು.

ನಾನು ಹತ್ತು ಕಡ್ಲೆಬೀಜ ತಂದು ಬಟ್ಟಲಿಗೆ ಹಾಕಿದೆ. ‘ಚಿಕ್ಕಮ್ಮಾ, ಇವು ವಿಕೆಟ್. ಒಬ್ಬರು ಔಟಾದರೆ ಒಂದು ಬೀಜ ಹೋಯಿತು. ಟೆಸ್ಟ್ ಗೆಲ್ಲಬೇಕಾದರೆ ಎದುರಾಳಿ ಬಟ್ಟಲು ಖಾಲಿ ಮಾಡಬೇಕು, ಸಾಮಾನ್ಯವಾಗಿ ಎರಡೆರಡು ಸಲ.’ ಜಾಸ್ತಿ ರನ್ ಹೊಡೆದು ಕೂತರೆ ಸಾಲದು. ಅದಕ್ಕೇ ಸೋಲುವ ತಂಡಕ್ಕೆ ಇನ್ನೊಂದು ದಾರಿ ಇರುತ್ತದೆ: ಕತ್ತಲಾಗುವವರೆಗೆ ಒಂದಾದರೂ ಬೀಜ ಉಳಿಸಿಕೊಳ್ಳುವುದು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಗೆಲ್ಲಲು ಭಾರತಕ್ಕೆ 407 ಬೇಕಿತ್ತು. ತೊಡೆಯ ಸ್ನಾಯು ಎಳೆದುಕೊಂಡು ಓಡಲಾಗದ ಹನುಮ ವಿಹಾರಿ 161 ಎಸೆತ ಎದುರಿಸಿ 23 ರನ್ ಮಾಡಿದರು, ಜೊತೆಗಿದ್ದ ಅಶ್ವಿನ್ 128 ಎಸೆತ ಆಡಿದರು, ಇಬ್ಬರೂ ಔಟಾಗಲಿಲ್ಲ, ಬಟ್ಟಲಲ್ಲಿ ಐದು ಬೀಜ ಉಳಿದವು, ಪಂದ್ಯ ಡ್ರಾ ಆಯಿತು. ಆ ಡ್ರಾ ನನಗೆ ಎಷ್ಟೋ ಗೆಲುವುಗಳಿಗಿಂತ ಹೆಚ್ಚು.

ಇದರ ಪಕ್ಕದಲ್ಲೇ ಗಾವಸ್ಕರ್ ಆಟ ಇಡಿ. 1975ರ ಮೊದಲ ವಿಶ್ವಕಪ್, ಲಾರ್ಡ್ಸ್, ಆಗ ಒನ್‌ಡೇಗೆ 60 ಓವರ್. ಇಂಗ್ಲೆಂಡ್ 334 ಹೊಡೆಯಿತು. ಗಾವಸ್ಕರ್ ಕೊನೆಯವರೆಗೂ ನಿಂತು 174 ಎಸೆತಗಳಲ್ಲಿ 36 ರನ್ ಮಾಡಿದರು. ಭಾರತ 3 ವಿಕೆಟ್‌ಗೆ 132, ಸೋಲು 202 ರನ್‌ಗಳಿಂದ. ಏಳು ಬೀಜ ಬಟ್ಟಲಲ್ಲಿ ಹಾಗೇ ಉಳಿದವು. ಓವರ್ ಮುಗಿದ ಮೇಲೆ ಅವು ಯಾವ ಪ್ರಯೋಜನಕ್ಕೂ ಬರಲಿಲ್ಲ. ವಿಹಾರಿ ಆಡಿದ ಆಟವೇ, ಆದರೆ ಇಲ್ಲಿ ಅದು ತಂಡವನ್ನು ಉಳಿಸಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳಿದಾಗ ಚಿಕ್ಕಮ್ಮ ‘ಓ, ಅದಾ!’ ಎಂದರು.

ಅಂದ ಹಾಗೆ, ಇದನ್ನು ಹೈಲೈಟ್ಸ್ ತೋರಿಸಿ ಕಲಿಸಲು ಹೋಗಬೇಡಿ. ಹೈಲೈಟ್ಸ್‌ನಲ್ಲಿ ಬ್ಯಾಟ್ಸ್‌ಮನ್ ಆಡದೆ ಬಿಟ್ಟ ಚೆಂಡು ಇರುವುದಿಲ್ಲ. ಮೊಬೈಲ್‌ನ ಕ್ರಿಕೆಟ್ ಗೇಮ್‌ಗಳಂತೂ ಬೇಡವೇ ಬೇಡ, ಅದರಲ್ಲಿ ಎರಡು ಎಸೆತಕ್ಕೊಂದು ಸಿಕ್ಸರ್.

4. ಒನ್‌ಡೇ ಮತ್ತು ಟಿ20

ಒನ್‌ಡೇ ಅಂತರರಾಷ್ಟ್ರೀಯ ಪಂದ್ಯ ಹುಟ್ಟಿದ್ದು ಮಳೆಯಿಂದ. ಮೆಲ್ಬರ್ನ್ ಟೆಸ್ಟ್ ಕೊಚ್ಚಿಹೋಯಿತು, ಜನರಿಗಾಗಿ 1971ರ ಜನವರಿ 5ರಂದು ಒಂದು ದಿನದ ಪಂದ್ಯ ಆಡಿಸಿದರು, ಸುಮಾರು 46 ಸಾವಿರ ಮಂದಿ ಬಂದರು. 1987ರ ವಿಶ್ವಕಪ್ ಹೊತ್ತಿಗೆ 50 ಓವರ್ ಆಯಿತು. ಮಹಿಳೆಯರ ವಿಶ್ವಕಪ್ ಪುರುಷರದ್ದಕ್ಕಿಂತ ಎರಡು ವರ್ಷ ಮೊದಲೇ, 1973ರಲ್ಲಿ ನಡೆದಿತ್ತು. ಇದನ್ನು ಹೇಳದೆ ಬಿಡಬೇಡಿ. ಟಿ20 ಇಂಗ್ಲೆಂಡ್‌ನ ಕೌಂಟಿಗಳಲ್ಲಿ 2003ರಲ್ಲಿ ಶುರುವಾಯಿತು.

ಈಗ ಮತ್ತೆ ಬಟ್ಟಲು. ಒನ್‌ಡೇಯಲ್ಲಿ 300 ಎಸೆತ, ಒಂದು ಬೀಜಕ್ಕೆ 30. ಟಿ20ಯಲ್ಲಿ 20 ಓವರ್, ಅಂದರೆ 120 ಎಸೆತ, ಒಂದು ಬೀಜಕ್ಕೆ 12 ಅಷ್ಟೇ. ಔಟಾಗುವ ಭಯ ಯಾಕೆ ಕಮ್ಮಿಯಾಗುತ್ತದೆ ಎನ್ನುವುದು ಈ ಭಾಗಾಕಾರದಲ್ಲೇ ಇದೆ. ನಮ್ಮ ದ್ರಾವಿಡ್ ಆಡಿದ ಒಂದೇ ಒಂದು ಅಂತರರಾಷ್ಟ್ರೀಯ ಟಿ20, 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ. ಟೆಸ್ಟ್‌ನಲ್ಲಿ ಗೋಡೆ ಎನಿಸಿಕೊಂಡವರು ಅವತ್ತು ಸತತ ಮೂರು ಸಿಕ್ಸರ್ ಹೊಡೆದರು.

5. ಮಳೆ ಬಂದರೆ

ಮಳೆಯಿಂದ ಓವರ್ ಕಡಿಮೆಯಾದಾಗ ಗುರಿಯನ್ನು ಮತ್ತೆ ಲೆಕ್ಕ ಹಾಕುವ ಡಕ್‌ವರ್ತ್ ಲೂಯಿಸ್ ಸೂತ್ರವನ್ನು ಬಿಡಿಸಿ ಹೇಳುವ ಸಾಹಸ ಬೇಡ. 1992ರ ವಿಶ್ವಕಪ್‌ನ ಸಿಡ್ನಿ ಸೆಮಿಫೈನಲ್ ಹೇಳಿ ಸಾಕು: ದಕ್ಷಿಣ ಆಫ್ರಿಕಾಕ್ಕೆ 13 ಎಸೆತದಲ್ಲಿ 22 ಬೇಕಿತ್ತು, ಮಳೆ ನಿಂತ ಮೇಲೆ ಒಂದು ಎಸೆತದಲ್ಲಿ 21. ಅಂಥ ಅನ್ಯಾಯ ಮತ್ತೆ ಆಗಬಾರದು ಎಂದು, ಉಳಿದ ಓವರ್ ಜೊತೆ ಉಳಿದ ವಿಕೆಟ್‌ಗಳನ್ನೂ ಲೆಕ್ಕಕ್ಕೆ ಹಿಡಿಯುವ ಈ ಸೂತ್ರ 1997ರಲ್ಲಿ ಬಂತು.

ಮೊನ್ನೆ ಟಿವಿಯಲ್ಲಿ ಪಿಚ್ ಮೇಲೆ ಕವರ್ ಎಳೆಯುತ್ತಿದ್ದರು. ಚಿಕ್ಕಮ್ಮ ಸ್ಕೋರ್ ಕೇಳಲಿಲ್ಲ. ‘ಬಟ್ಟಲಲ್ಲಿ ಎಷ್ಟು ಉಳಿದಿದೆ?’ ಎಂದರು.