ಖಾರದ ಮೆಕ್ಸಿಕನ್ ಸಾಲ್ಸಾ ಮನೇಲೇ ಮಾಡೋದು ಹೇಗೆ

ಬಾಟಲಿ ಸಾಲ್ಸಾ (ಮೆಕ್ಸಿಕೋದ ಟೊಮೇಟೋ ಚಟ್ನಿ ಅನ್ನಿ) ತಿಂದು ಇಷ್ಟೇನಾ ಅಂತ ಸುಮ್ನಾಗಿದ್ರೆ ದಯವಿಟ್ಟು ಒಂದ್ಸಲ ಇದನ್ನ ಮಾಡಿ ನೋಡಿ. ಮೆಕ್ಸಿಕೋದಲ್ಲಿ ಟಾಕೋ (ಮಡಚಿದ ರೊಟ್ಟಿಯೊಳಗೆ ಪಲ್ಯ, ಮಾಂಸ ಇಟ್ಟ ತಿಂಡಿ) ಜೊತೆ ಕೊಡ್ತಾರಲ್ಲ, ಸುಟ್ಟ ಟೊಮೇಟೋದ ಕೆಂಪು ಸಾಲ್ಸಾ, ಅದೇ ಇದು, ಅಲ್ಲಿ ಸಾಲ್ಸಾ ರೋಹಾ ಅಂತಾರೆ.

ನಾಲ್ಕು ಚೆನ್ನಾಗಿ ಹಣ್ಣಾದ ಟೊಮೇಟೋ (ಉದ್ದದ ರೋಮಾ ಆದ್ರೆ ಒಳ್ಳೇದು, ನೀರು ಕಮ್ಮಿ), ಎರಡು ಹಸಿ ಸೆರಾನೋ ಮೆಣಸಿನಕಾಯಿ, ಐದಾರು ಒಣಗಿದ ಚಿಲೆ ದೆ ಆರ್ಬೋಲ್ (ಸಣ್ಣ ಕೆಂಪು ಮೆಣಸಿನಕಾಯಿ), ಸಿಪ್ಪೆ ಸಮೇತ ಎರಡು ಎಸಳು ಬೆಳ್ಳುಳ್ಳಿ, ಕಾಲು ಬಿಳಿ ಈರುಳ್ಳಿ, ಸ್ವಲ್ಪ ಕೊತ್ತಂಬರಿ ಸೊಪ್ಪು, ಉಪ್ಪು, ಇಷ್ಟೇ. ಸೆರಾನೋ ಸಿಗ್ಲಿಲ್ಲ ಅಂದ್ರೆ ಹಲಪೇನ್ಯೋ ಮೆಣಸಿನಕಾಯಿ ಹಾಕಿ, ಖಾರ ಕಮ್ಮಿ ಆಗುತ್ತೆ ಅಷ್ಟೆ. ಹಬನೇರೋ ಮೆಣಸಿನಕಾಯಿ ಮಾತ್ರ ಅಂದಾಜಿಲ್ದೆ ಹಾಕ್ಬೇಡಿ, ಅದರ ಖಾರ ಸ್ಕೋವಿಲ್ ಅನ್ನೋ ಖಾರದ ಅಳತೆ ಲೆಕ್ಕದಲ್ಲಿ 1,00,000ದ ಮೇಲೆ ಹೋಗುತ್ತೆ, ಹಲಪೇನ್ಯೋದ್ದು ಸಾಮಾನ್ಯವಾಗಿ 2,500ರಿಂದ 8,000 ಒಳಗೆ.

ಈಗ ಸುಡೋದು, ರುಚಿಯೆಲ್ಲಾ ಇಲ್ಲೇ ಇರೋದು, ಅವಸರ ಬೇಡ. ಮೆಕ್ಸಿಕೋದವರು ಕೋಮಾಲ್ ಅನ್ನೋ ಚಪ್ಪಟೆ ಹೆಂಚಿನ ಮೇಲೆ ಸುಡ್ತಾರೆ, ನಿಮ್ಮತ್ರ ದಪ್ಪ ಕಬ್ಬಿಣದ ಕಾವಲಿ ಇದ್ರೆ ಸಾಕು, ಎಣ್ಣೆ ಒಂದು ಹನೀನೂ ಬೇಡ. ಕಾವಲಿ ಚೆನ್ನಾಗಿ ಕಾದ ಮೇಲೆ ಟೊಮೇಟೋ, ಸೆರಾನೋ, ಬೆಳ್ಳುಳ್ಳಿ ಇಟ್ಟು ಆಗಾಗ ತಿರುಗಿಸ್ತಾ ಇರಿ, ಟೊಮೇಟೋ ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಬಿರಿದು ಒಳಗೆಲ್ಲ ಮೆತ್ತಗಾಗೋಕೆ ಹದಿನೈದು ನಿಮಿಷ ಆದ್ರೂ ಬೇಕು, ಬೆಳ್ಳುಳ್ಳಿ ಮೆಣಸಿನಕಾಯಿ ಮೊದಲೇ ಆಗಿಬಿಡುತ್ತೆ, ಆಗಿದ್ದನ್ನ ಆಗಿದ್ದಂಗೆ ತೆಗೀತಾ ಹೋಗಿ. ಕಪ್ಪಾದ ಸಿಪ್ಪೆ ಪೂರ್ತಿ ಕಿತ್ತು ಎಸೀಬೇಡಿ, ಸ್ವಲ್ಪ ಬಿಟ್ರೇನೇ ಆ ಹೊಗೆ ವಾಸನೆ ಬರೋದು.

ಒಣ ಮೆಣಸಿನಕಾಯಿನ ಕೊನೇಲಿ ಸಣ್ಣ ಉರೀಲಿ ಹುರೀರಿ. ಅರ್ಧ ನಿಮಿಷ ಸಾಕು, ಘಮ್ ಅಂದ ತಕ್ಷಣ ತೆಗೀರಿ, ಕಪ್ಪಾದ್ರೆ ಪೂರ್ತಿ ಸಾಲ್ಸಾ ಕಹಿ. ಘಾಟು ಜೋರಾಗೇ ಬರುತ್ತೆ, ಕಿಟಕಿ ತೆಗೆದಿಡಿ. ಆಮೇಲೆ ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಹಾಕಿ.

ರುಬ್ಬೋಕೆ ಮೆಕ್ಸಿಕೋದಲ್ಲಿ ಮೊಲ್ಕಾಹೆತೆ ಅಂತ ಮೂರು ಕಾಲಿನ ಜ್ವಾಲಾಮುಖಿ ಕಲ್ಲಿನ ಒರಳಿದೆ, ಮಿಕ್ಸೀಲೂ ಮಾಡ್ಬಹುದು ಆದ್ರೆ ಕ್ರಮ ಬದಲಾಯಿಸ್ಬೇಡಿ. ಮೊದಲು ಸಿಪ್ಪೆ ಸುಲಿದ ಬೆಳ್ಳುಳ್ಳಿ ಉಪ್ಪು, ಆಮೇಲೆ ಎರಡೂ ಬಗೆಯ ಮೆಣಸಿನಕಾಯಿ ಹಾಕಿ ನುಣ್ಣಗೆ ಮಾಡ್ಕೊಳ್ಳಿ, ಕೊನೆಗೆ ಟೊಮೇಟೋ ಹಾಕಿ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದ್ರೆ ಗಾಳಿ ಸೇರಿ ಬಣ್ಣ ಪೇಲವ ಆಗುತ್ತೆ, ತರಿ ತರಿ ಇರೋದೇ ಚೆಂದ.

ಈರುಳ್ಳಿ ಸಣ್ಣಗೆ ಹೆಚ್ಚಿ ತಣ್ಣೀರಲ್ಲಿ ತೊಳೆದು, ಕೊತ್ತಂಬರಿ ಸೊಪ್ಪಿನ ಜೊತೆ ಕಲಸಿ. ನಿಂಬೆರಸ ಕಡ್ಡಾಯ ಏನಲ್ಲ, ಟೊಮೇಟೋ ಹುಳಿ ಸಾಲ್ದೇ ಇದ್ರೆ ಮಾತ್ರ ಹಿಂಡಿ. ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಉಪ್ಪು ನೋಡಿ.

ಖಾರ ಜಾಸ್ತಿ ಆಯ್ತಾ? ನೀರು, ಸಕ್ಕರೆ ಸುರೀಬೇಡಿ, ಇನ್ನೊಂದು ಟೊಮೇಟೋ ಸುಟ್ಟು ಸೇರಿಸಿ. ಮೊದಲೇ ಖಾರ ಕಮ್ಮಿ ಬೇಕು ಅನ್ನೋರು ಸೆರಾನೋ ಒಳಗಿನ ಬಿಳಿ ನಾರು ತೆಗೀರಿ, ಖಾರ ಹೆಚ್ಚಾಗಿ ಅಲ್ಲೇ ಇರೋದು, ಬೀಜದಲ್ಲಲ್ಲ. ಫ್ರಿಜ್ಜಲ್ಲಿ ಗಾಜಿನ ಡಬ್ಬೀಲಿಟ್ಟು ಮೂರು ನಾಲ್ಕು ದಿನದೊಳಗೆ ಖಾಲಿ ಮಾಡಿ.