ಚೆಂಡೆಗೆ ಕ್ಲಿಕ್ ಹಾಕಲಿಲ್ಲ, ಹಾಡು ಹಿಟ್ ಆಯಿತು

‘ರಾಕ್ ಹಾಡಿಗೆ ಚೆಂಡೆ ಸೇರಿಸಿದರೆ ಗಿಟಾರ್ ಕೇಳುವುದೇ ಇಲ್ಲ ಮಾರಾಯ’ ಎಂದು ಮಂಗಳೂರಿನ ಬ್ಯಾಂಡಿನವರೆಲ್ಲ ಹೇಳಿದ್ದರು. ನಮ್ಮ ಬ್ಯಾಂಡ್ ಯಕ್ಷಗಾನದ ಚೆಂಡೆ ಸೇರಿಸಿಯೇ ರಾಕ್ ಹಾಡು ಮಾಡಿತು, ಈಗ ಅವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೊದಲು ಕಂಪ್ಯೂಟರಿನಲ್ಲಿ ಚೆಂಡೆಯ ರೆಡಿಮೇಡ್ ಸ್ಯಾಂಪಲ್ ಹಾಕಿ ನೋಡಿದೆವು. ತಗಡು ಬಡಿದ ಹಾಗಿತ್ತು. ಆಮೇಲೆ ತೆಂಕುತಿಟ್ಟು ಯಕ್ಷಗಾನದ ಚೆಂಡೆಯವರನ್ನೇ ಸ್ಟುಡಿಯೋಗೆ ಕರೆದೆವು. ಹೆಡ್‌ಫೋನ್‌ನಲ್ಲಿ ಕ್ಲಿಕ್, ಅಂದರೆ ಒಂದೇ ವೇಗದಲ್ಲಿ ತಾಳ ಹಾಕುವ ಮೆಷಿನ್ ಸದ್ದು, ಕೊಟ್ಟ ಕೂಡಲೇ ಅವರ ಕೈ ಬಿಗಿಯಾಯಿತು. ಭಾಗವತರ (ಯಕ್ಷಗಾನದ ಹಾಡುಗಾರರ) ಪದ ಕೇಳಿ ನುಡಿಸುವವರಿಗೆ ಆ ಟಕ್ ಟಕ್ ಯಾಕೆ ಬೇಕು ಅಲ್ವಾ? ಗಂಟೆಗೆ 800 ರೂಪಾಯಿಯ ಹಾಗೆ ಹತ್ತು ಸಾವಿರ ಅಲ್ಲೇ ಕರಗಿತು.

ಮತ್ತೆ ಎಲ್ಲ ಉಲ್ಟಾ ಮಾಡಿದೆವು. ನಮ್ಮ ಗಾಯಕ ಜಾಗಟೆ ಹಿಡಿದು ಅವರ ಎದುರಿಗೆ ಕುಳಿತು ಹಾಡಿದ. ತ್ರಿವುಡೆ ತಾಳದ ಏಳು ಅಕ್ಷರ, ಕ್ಲಿಕ್ ಇಲ್ಲ. ಕೊನೆಗೆ ಬರುವಾಗ ವೇಗ ನಿಮಿಷಕ್ಕೆ 10 ಬೀಟ್‌ನಷ್ಟು ಏರಿತ್ತು. ಅದನ್ನು ಮುಟ್ಟಲಿಲ್ಲ. ಚೆಂಡೆಯ ಮೇಲೆಯೇ ಟೆಂಪೋ ಮ್ಯಾಪ್ (ಎಲ್ಲಿ ಎಷ್ಟು ವೇಗ ಅನ್ನುವ ನಕ್ಷೆ) ಎಳೆದು, ಡ್ರಮ್ಸ್, ಬಾಸ್, ಗಿಟಾರ್ ಎಲ್ಲ ಅದರ ಹಿಂದೆ ನುಡಿಸಿದೆವು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆಯೇ ಚೆಂಡೆಯವರು ಬಿಡುವಾಗುವುದು. ಆದರೆ ಆಗ ನಮ್ಮೂರಲ್ಲಿ ಜಡಿಮಳೆ, ಚರ್ಮ ಸಡಿಲ. ಟೇಕ್‌ಗಳ ನಡುವೆ 200 ವ್ಯಾಟಿನ ಬಲ್ಬ್ ಎದುರು ಚೆಂಡೆ ಇಟ್ಟು ಕಾಯಿಸಿದೆವು. ಬೆರಳಲ್ಲಿ ತಟ್ಟಿದಾಗ ‘ಟಣ್’ ಅಂದರೆ ಮಾತ್ರ ರೆಕಾರ್ಡಿಂಗ್. ಎಸ್‌ಎಂ57 ಮೈಕ್ ಚೆಂಡೆಯ ಮೇಲಿನಿಂದ ಒಂದು ಗೇಣು ದೂರ. ಎರಡನೇ ಮೈಕ್ ಎಲ್ಲಿಟ್ಟೆವು ಅನ್ನುವುದು ನಮ್ಮ ಗುಟ್ಟು, ಕೇಳಬೇಡಿ. ಗಿಟಾರಿನ ದನಿಯನ್ನು 3 ಕಿಲೋಹರ್ಟ್ಸ್ ಹತ್ತಿರ ಚೆನ್ನಾಗಿ ತಗ್ಗಿಸಿ, ಚರಣದಲ್ಲಿ ಸ್ನೇರ್ ಡ್ರಮ್ ಪೂರ್ತಿ ತೆಗೆದೆವು. ಚೆಂಡೆಗೆ ಜಾಗ ಆಯಿತು.

ಸುಮ್ನೆ ಒಂದು ಪ್ರಯೋಗವೂ ಮಾಡಿದೆವು. ಜಾಗಟೆಯ ನಾದವನ್ನು ಹಿಂದುಮುಂದು ತಿರುಗಿಸಿ ಕೋರಸ್‌ಗೆ ಮುಂಚೆ ಇಟ್ಟೆವು. ಫೋನಿನಲ್ಲಿ ಕೇಳುವುದೇ ಇಲ್ಲ, ಕಾರಿನಲ್ಲಿ ಮೈ ಜುಮ್ಮೆನ್ನುತ್ತದೆ. ಇರಲಿ ಅಂತ ಬಿಟ್ಟೆವು.

ಮಿಕ್ಸಿಂಗ್, ವಿಡಿಯೋ ಎಲ್ಲ ಸೇರಿ 70 ಸಾವಿರದ ಆಸುಪಾಸು ಖರ್ಚು. ಸ್ಟ್ರೀಮಿಂಗ್‌ನಿಂದ ಅದರ ಹತ್ತನೇ ಒಂದು ಪಾಲೂ ಬರಲಿಲ್ಲ. ದುಡ್ಡು ಬಂದದ್ದು ಶೋಗಳಿಂದ. ಮಣಿಪಾಲದ ಕಾಲೇಜು ಫೆಸ್ಟ್ ಒಂದರಲ್ಲಿ ಕೋರಸ್ ಜನರೇ ಹಾಡಿದರು, ನಾವು ಮೈಕ್ ತಿರುಗಿಸಿ ಹಿಡಿದೆವು. ಆಮೇಲೆ ನಮ್ಮ ರೇಟ್ ಡಬಲ್.

ಮೆಹಂದಿ ಕಾರ್ಯಕ್ರಮದ ಡಿಜೆಗಳು ಮಾತ್ರ ‘ಟೆಂಪೋ ಓಡುತ್ತದೆ, ಮಿಕ್ಸ್ ಆಗುವುದಿಲ್ಲ’ ಎಂದರು. ಅವರಿಗಾಗಿ ಗ್ರಿಡ್‌ಗೆ ಕೂರಿಸಿದ, ಅಂದರೆ ವೇಗ ಒಂದೇ ಸಮ ಇರುವ, ಬೇರೆ ವರ್ಷನ್ ಮಾಡಿಕೊಟ್ಟೆವು. ಕುಣಿಯುವವರು ಒಪ್ಪಲಿಲ್ಲ. ಈಗ ಡಿಜೆಗಳು ಹಿಂದಿನ ಹಾಡು ನಿಲ್ಲಿಸಿ, ನಮ್ಮ ಒರಿಜಿನಲ್ಲನ್ನೇ ಮೊದಲಿನಿಂದ ಹಾಕುತ್ತಾರೆ.